ಬಟನ್ ಅವರ ಕೈಯಲ್ಲಿ, ಆಯ್ಕೆಯೂ ಅವರದೇ

ವೃದ್ಧಾಶ್ರಮವೊಂದರಲ್ಲಿ ಇರುವವರ ಭಾವಚಿತ್ರ ತೆಗೆದುಕೊಡಿ ಅಂತ ಕೇಳಿದಾಗ ನಾನು ಒಂದು ಷರತ್ತು ಹಾಕಿದೆ. ಕ್ಯಾಮೆರಾ ನನ್ನದು, ಟ್ರೈಪಾಡ್ ನನ್ನದು, ಲೈಟ್ ನಾನೇ ಹೊತ್ತು ತರುತ್ತೇನೆ. ಆದರೆ ಬಟನ್ ಒತ್ತುವುದು ನಾನಲ್ಲ. ಯಾರ ಫೋಟೋನೋ ಅವರೇ ಒತ್ತಬೇಕು. ಬಂದ ಚಿತ್ರಗಳಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬೇಕು ಅಂತ ಹೇಳುವವರೂ ಅವರೇ. ಕೆಳಗೆ ಬರುವ ಹೆಸರೂ ಅವರದ್ದೇ.

ಆಶ್ರಮ ನೋಡಿಕೊಳ್ಳುವವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನೀವು ಯಾಕೆ ಮೇಡಂ ಬೇಕು?" ಅಂದರು. ಅವರು ಚುಚ್ಚಿ ಕೇಳಿದ್ದಲ್ಲ. ನಿಜಕ್ಕೂ ಅರ್ಥವಾಗದೆ ಕೇಳಿದ್ದು. ಆ ಕೆಲಸದುದ್ದಕ್ಕೂ ಬೇರೆ ಬೇರೆಯವರು ಅದೇ ಪ್ರಶ್ನೆ ಕೇಳಿದರು. ಈ ಬರಹ ಅವರಿಗೆಲ್ಲ ನಾನು ಕೊಡಬೇಕಿದ್ದ ಉತ್ತರ.

ಭಾವಚಿತ್ರ ತೆಗೆಯುವುದು ನನ್ನ ಹೊಟ್ಟೆಪಾಡು. ಈ ಕಸುಬಿನಲ್ಲಿ ಎದುರಿಗೆ ಕೂತವರ ಪಾಲಿಗೆ ಬರುವುದು ಬಹಳ ಕಡಿಮೆ. ಅವರು ಮುಖ ಕೊಡುತ್ತಾರೆ, ಒಂದಷ್ಟು ಹೊತ್ತು ಕೊಡುತ್ತಾರೆ. ಯಾವ ಕ್ಷಣ, ಯಾವ ಕೋನ, ಎಷ್ಟು ಬೆಳಕು, ನೂರಾರು ಫ್ರೇಮುಗಳಲ್ಲಿ ಯಾವುದು ಹೊರಗೆ ಹೋಗಬೇಕು, ಇದೆಲ್ಲ ನಮ್ಮ ತೀರ್ಮಾನ. ಚಿತ್ರ ಪ್ರಿಂಟ್ ಆಗಿ ಗೋಡೆ ಮೇಲೆ ಬಂದಾಗಲೇ ಎಷ್ಟೋ ಜನ ತಮ್ಮನ್ನು ತಾವು ಮೊದಲ ಸಲ ನೋಡುತ್ತಾರೆ. ಅಷ್ಟು ಹೊತ್ತಿಗೆ ಹೇಳೋದಕ್ಕೆ ಏನೂ ಉಳಿದಿರುವುದಿಲ್ಲ. "ಚೆನ್ನಾಗಿದೆ" ಅನ್ನುತ್ತಾರೆ. ಆ "ಚೆನ್ನಾಗಿದೆ"ಯ ಹಿಂದೆ ಏನಿದೆ ಅಂತ ಕೇಳಿಸಿಕೊಳ್ಳುವಷ್ಟು ಹೊತ್ತು ನಾವು ನಿಲ್ಲುವುದೂ ಇಲ್ಲ.

ಈ ವಿಚಾರದಲ್ಲಿ ನನ್ನನ್ನು ತುಂಬಾ ಕಾಡಿದ್ದು 1936ರ ಒಂದು ಚಿತ್ರ. ಕ್ಯಾಲಿಫೋರ್ನಿಯಾದ ನಿಪೋಮೊ ಅನ್ನುವ ಊರಿನ ಹತ್ತಿರ, ಬಟಾಣಿ ಬಿಡಿಸುವ ಕೂಲಿಗಳ ಬಿಡಾರದಲ್ಲಿ, ಡೊರೊತಿಯಾ ಲ್ಯಾಂಗ್ ಅನ್ನುವ ಅಮೆರಿಕದ ಛಾಯಾಗ್ರಾಹಕಿ ಒಬ್ಬ ತಾಯಿಯ ಫೋಟೋ ತೆಗೆದರು. ಕೆನ್ನೆಗೆ ಕೈ ಕೊಟ್ಟು ದೂರ ನೋಡುತ್ತಿರುವ ಹೆಂಗಸು, ಎರಡು ಕಡೆ ಮುಖ ತಿರುಗಿಸಿ ಒರಗಿಕೊಂಡ ಮಕ್ಕಳು. ಆ ಕಾಲದ ಬಡತನ ಅಂದರೆ ಇಂದಿಗೂ ಕಣ್ಣ ಮುಂದೆ ಬರುವುದು ಅದೇ ಚಿತ್ರ. ಲ್ಯಾಂಗ್ ಅವತ್ತು ಆಕೆಯ ಹೆಸರು ಕೇಳಲಿಲ್ಲ. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅಂತ ಜಗತ್ತಿಗೆ ಗೊತ್ತಾಗಿದ್ದು 1978ರಲ್ಲಿ, ನಲವತ್ತೆರಡು ವರ್ಷಗಳ ಮೇಲೆ. ಆ ಫೋಟೋ ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು ಅಂತಲೇ ಆಕೆ ಆಗ ಹೇಳಿದ್ದು. ಲ್ಯಾಂಗ್ ಕೆಟ್ಟವರಾಗಿರಲಿಲ್ಲ. ಸರ್ಕಾರದ ಕೆಲಸದಲ್ಲಿದ್ದರು, ಚಿತ್ರದ ಹಕ್ಕು ಅವರ ಹತ್ತಿರವೂ ಇರಲಿಲ್ಲ. ಆದರೂ ಚಿತ್ರದ ಜೊತೆ ಲ್ಯಾಂಗ್ ಅವರ ಹೆಸರು ಊರೂರು ಸುತ್ತಿತು, ಚಿತ್ರದೊಳಗೆ ಇರುವವಳಿಗೆ ಹೆಸರೇ ಇರಲಿಲ್ಲ. ನಾನು ತೆಗೆದ ಎಷ್ಟು ಚಿತ್ರಗಳು ಹೀಗೆ ಹೆಸರಿಲ್ಲದೆ ತಿರುಗುತ್ತಿವೆಯೋ ಅಂತ ಯೋಚನೆ ಬಂದರೆ ಈಗಲೂ ಒಂಥರಾ ಆಗುತ್ತದೆ.

ಬೇರೆ ದಾರಿ ಹುಡುಕಿದವರು ಮೊದಲೇ ಇದ್ದರು. 1970ರ ದಶಕದ ಮೊದಲ ವರ್ಷಗಳಲ್ಲಿ ಸೂಸನ್ ಮೈಸೆಲಸ್ ಅಮೆರಿಕದ ಜಾತ್ರೆಗಳಲ್ಲಿ ಕುಣಿಯುವ ಹೆಂಗಸರ ಚಿತ್ರ ತೆಗೆಯುವಾಗ, ಒಂದು ರೋಲಿನ ಚಿತ್ರಗಳೆಲ್ಲ ಸಣ್ಣದಾಗಿ ಒಂದೇ ಹಾಳೆಯಲ್ಲಿ ಬರುವ ಕಾಂಟ್ಯಾಕ್ಟ್ ಶೀಟ್‌ಗಳನ್ನು ವಾಪಸ್ ಅವರ ಹತ್ತಿರವೇ ಒಯ್ದು ತೋರಿಸುತ್ತಿದ್ದರು. ಅವರ ಮಾತುಗಳನ್ನೂ ಟೇಪ್ ಮಾಡಿಕೊಂಡು ಚಿತ್ರಗಳ ಜೊತೆಗಿಟ್ಟರು. 1975ರಿಂದ ವೆಂಡಿ ಇವಾಲ್ಡ್ ಕೆಂಟಕಿಯ ಬೆಟ್ಟಸೀಮೆಯ ಶಾಲೆ ಮಕ್ಕಳಿಗೆ ಕ್ಯಾಮೆರಾ ಕೊಟ್ಟು, ಫಿಲ್ಮ್ ತೊಳೆಯುವುದನ್ನೂ ಕಲಿಸಿದರು. ಚಿತ್ರದ ಕೆಳಗೆ ಆ ಮಕ್ಕಳ ಹೆಸರೇ ಬಂತು. 2002ರಿಂದ ಲಂಡನ್ನಿನಲ್ಲಿ ಆಂಥೊನಿ ಲುವೆರಾ ಮನೆ ಇಲ್ಲದವರ ಜೊತೆ ಕೂತು, ಕ್ಯಾಮೆರಾ ಹೊಂದಿಸುವುದನ್ನು ಹೇಳಿಕೊಟ್ಟು, ಅವರ ಚಿತ್ರವನ್ನು ಅವರಿಂದಲೇ ತೆಗೆಸಿದರು. ಕೊನೆಗೆ ಯಾವ ಚಿತ್ರ ಇರಬೇಕು ಅನ್ನುವ ತೀರ್ಮಾನವೂ ಅವರಿಗೇ ಬಿಟ್ಟಿದ್ದು. ನಾನು ಮಾಡಿದ್ದು ಹೊಸದೇನಲ್ಲ. ಲುವೆರಾ ಅವರ ದಾರಿಯನ್ನೇ ನನ್ನ ಅಳತೆಗೆ ಹೊಲಿದುಕೊಂಡೆ ಅನ್ನಬಹುದು.

ಮೊದಲ ತೊಡಕು ಬಟನ್‌ದೇ. ರಿಮೋಟ್ ಕೊಟ್ಟರೆ ಆಯಿತಲ್ಲ ಅನ್ನಿಸುತ್ತದೆ. ಆದರೆ ಆ ರಿಮೋಟಿನ ಗುಂಡಿ ಹುಣಸೆ ಬೀಜಕ್ಕಿಂತ ಸಣ್ಣದು. ಗಂಟು ನೋವಿನಿಂದ ಸೊಟ್ಟಗಾದ ಬೆರಳು ಅದನ್ನು ಹುಡುಕುವಷ್ಟರಲ್ಲಿ ಮುಖದಲ್ಲಿ ಬರೀ ಹುಡುಕಾಟವೇ ಉಳಿಯುತ್ತದೆ. ಅದಕ್ಕೆ ಹಳೆ ಕಾಲದ ರಬ್ಬರ್ ಬುರುಡೆಯ ರಿಲೀಸ್ ತಂದೆ. ಒಂದು ಕಡೆ ಹಿಚುಕುವ ಬುರುಡೆ, ಉದ್ದಕ್ಕೆ ತೆಳ್ಳನೆಯ ಕೊಳವೆ, ಇನ್ನೊಂದು ತುದಿಯಲ್ಲಿ ಶಟರ್ ಬಟನ್ನಿಗೆ ತಿರುಪುವ ಪಿನ್ನು. ಹಿಚುಕಿದರೆ ಗಾಳಿ ಹೋಗಿ ಪಿನ್ನನ್ನು ತಳ್ಳುತ್ತದೆ. ಬ್ಯಾಟರಿ ಬೇಡ, ಹುಡುಕುವುದೂ ಬೇಡ. ಅಂಗೈಯಲ್ಲಿ ಒತ್ತಬಹುದು, ಮೊಣಕೈ ಕೆಳಗೆ ಇಟ್ಟುಕೊಂಡು ಒತ್ತಬಹುದು, ನೆಲದ ಮೇಲಿಟ್ಟು ಪಾದದಿಂದ ಒತ್ತಬಹುದು. ಕೊಳವೆ ಉದ್ದ ಆದಷ್ಟೂ ಜೋರಾಗಿ ಹಿಚುಕಬೇಕು. ಆದ್ದರಿಂದ ಕ್ಯಾಮೆರಾ ತೀರಾ ದೂರ ಇಡಲು ಆಗಲಿಲ್ಲ.

ಎರಡನೆಯದು ಫೋಕಸ್. ನಾನು ಕ್ಯಾಮೆರಾ ಹಿಂದೆ ಇಲ್ಲ ಅಂದರೆ ಯಾರಾದರೂ ಮುಂದಕ್ಕೆ ಬಾಗಿದರೆ, ಹಿಂದಕ್ಕೆ ಒರಗಿದರೆ ಸರಿಮಾಡುವವರಿಲ್ಲ. 50 ಮಿ.ಮೀ. ಲೆನ್ಸ್, ಎರಡೂವರೆ ಮೀಟರ್ ದೂರ, ಅಪರ್ಚರ್ ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ ಕಿರಿದಾಗಿ ಎಫ್ 8. ಇಷ್ಟು ಇಟ್ಟರೆ ಸುಮಾರು ಎರಡು ಮೀಟರಿನಿಂದ ಮೂರೂಕಾಲು ಮೀಟರಿನ ತನಕ ಎಲ್ಲವೂ ಸ್ಪಷ್ಟವಾಗಿ ಬರುತ್ತದೆ. ಆ ಜಾಗದೊಳಗೆ ಅವರು ಹೇಗೆ ಬೇಕಾದರೂ ಕೂರಲಿ, ಅಲುಗಾಡಲಿ. ನಾನು ಸದಾ ಬಳಸುವುದು ಕಿಂಡಿ ಅಗಲವಾಗಿ ತೆರೆದ ಎಫ್ 2ರ ಸುತ್ತಮುತ್ತ. ಹಿಂದಿನದೆಲ್ಲ ಮಸುಕಾಗಿ ಮುಖ ಮಾತ್ರ ಎದ್ದು ಬರುವ ಆ ನೋಟ ನನಗೆ ಇಷ್ಟ, ಜನ ನನ್ನ ಚಿತ್ರ ಗುರುತಿಸುವುದೂ ಅದರಿಂದಲೇ. ಮೊದಲು ಕೈಬಿಟ್ಟಿದ್ದು ಅದನ್ನು. ಹೇಳಲು ಸುಲಭ, ಆದರೆ ಮೊದಲ ಪ್ರಿಂಟ್‌ನಲ್ಲಿ ಹಿಂದಿನ ಗೋಡೆಯ ಸ್ವಿಚ್‌ಬೋರ್ಡ್ ಸಮೇತ ಎಲ್ಲವೂ ಅಷ್ಟು ಖಡಕ್ಕಾಗಿ ಕಂಡಾಗ ಇದು ನನ್ನ ಚಿತ್ರವೇ ಅಲ್ಲ ಅನ್ನಿಸಿತು. ಅಲ್ಲವೇ ಅಲ್ಲ, ನಿಜ. ಆದರೆ ಅದನ್ನು ಹೊಟ್ಟೆಗೆ ಹಾಕಿಕೊಳ್ಳಲು ಸಮಯ ಬೇಕಾಯಿತು.

ಮೂರನೆಯದು, ನಾನು ಎಲ್ಲಿ ನಿಲ್ಲಬೇಕು ಅನ್ನುವುದು. ಕ್ಯಾಮೆರಾ ಪಕ್ಕ ನಿಂತರೆ ಎಲ್ಲರೂ ನನ್ನ ಮುಖ ನೋಡಿ ಒಪ್ಪಿಗೆ ಕೇಳುತ್ತಾರೆ. ಕಣ್ಣಲ್ಲೇ "ಸರಿನಾ?" ಅಂತ. ನಾನು ತಲೆ ಆಡಿಸಿದರೆ ಬುರುಡೆ ಹಿಚುಕಿದ ಕೈ ಅವರದಾದರೂ ತೀರ್ಮಾನ ನನ್ನದೇ ಆಯಿತಲ್ಲ. ಹಾಗಾಗಿ ಎಲ್ಲ ಹೊಂದಿಸಿ, ಒಂದೆರಡು ಸಲ ಒತ್ತಿ ತೋರಿಸಿ, ಬಾಗಿಲ ಹೊರಗೆ ಹೋಗಿ ಕೂರುತ್ತಿದ್ದೆ. ಒಳಗಿಂದ ಶಟರ್ ಸದ್ದು ಕೇಳುತ್ತಿತ್ತು. ಕೆಲವರು ಬಡಬಡ ಅಂತ ಹತ್ತು ಸಲ ಒತ್ತುತ್ತಿದ್ದರು. ಕೆಲವರ ಕೋಣೆಯಿಂದ ಕಾಲು ಗಂಟೆಯಾದರೂ ಸದ್ದೇ ಇಲ್ಲ. ಎದ್ದು ಹೋಗಿ ನೋಡಲೇ ಅಂತ ಕಾಲು ತುಡಿಯುತ್ತಿತ್ತು. ಹೋಗಲಿಲ್ಲ.

ಹೀಗೆ ಸದ್ದೇ ಬಾರದ ಕೋಣೆಯಲ್ಲಿ ಇದ್ದವರು ಒಬ್ಬ ಅಜ್ಜಿ. ಕೊನೆಗೆ ಒಂದೇ ಒಂದು ಸಲ ಕ್ಲಿಕ್ ಆಯಿತು, ಆಮೇಲೆ ಕರೆದರು. ನೋಡಿದರೆ ಕಣ್ಣು ಮುಚ್ಚಿದ ಚಿತ್ರ. ರೆಪ್ಪೆ ಬಡಿದಿರಬೇಕು, ಇನ್ನೊಂದು ತೆಗೆಯೋಣ ಅಂತ ಹೇಳಲು ಹೊರಟೆ. ಅವರು ಸ್ಕ್ರೀನ್ ಹತ್ತಿರಕ್ಕೆ ಎಳೆದುಕೊಂಡು ಬಹಳ ಹೊತ್ತು ನೋಡಿದರು. "ಮಲಗಿದಾಗ ಹೀಗೆ ಕಾಣ್ತೀನಾ? ಒಂದು ಸಲ ನೋಡ್ಬೇಕು ಅಂತಿತ್ತಮ್ಮ. ಎಲ್ಲರೂ ನೋಡಿರ್ತಾರೆ, ನಾನೊಬ್ಬಳೇ ನೋಡಿಲ್ಲ" ಅಂದರು. ಕಣ್ಣು ಮುಚ್ಚಿಕೊಂಡು, ಮುಖದ ಬಿಗಿ ಪೂರ್ತಿ ಇಳಿಯುವ ತನಕ ಕಾದು, ಆಮೇಲೆ ಒತ್ತಿದ್ದರಂತೆ. ನಾನು ಎಷ್ಟೇ ವರ್ಷ ಕ್ಯಾಮೆರಾ ಹಿಡಿದು ಎದುರಿಗೆ ನಿಂತಿದ್ದರೂ ಈ ಚಿತ್ರ ನನಗೆ ಸಿಗುತ್ತಿರಲಿಲ್ಲ. ಕಣ್ಣು ಮುಚ್ಚಿದ ಫ್ರೇಮುಗಳನ್ನು ನಾವು ಮೊದಲ ಸುತ್ತಿನಲ್ಲೇ ಕಿತ್ತು ಹಾಕುತ್ತೇವೆ.

ಆಮೇಲೆ ಜಾಗವನ್ನೂ ಬಿಟ್ಟುಕೊಟ್ಟೆ. ಮೊದಲು ಒಂದು ಕೋಣೆ, ಒಂದು ಕುರ್ಚಿ, ಎಡಗಡೆ ಕಿಟಕಿ ಅಂತ ಹೊಂದಿಸಿಟ್ಟಿದ್ದೆ. ಬೆಳಕು ಸೊಗಸಾಗಿತ್ತು. ಆದರೆ ಎಲ್ಲರ ಚಿತ್ರವೂ ನನ್ನ ಬೆಳಕಿನಲ್ಲೇ ಬರುತ್ತಿತ್ತು. ಎಲ್ಲಿ ಕೂರಬೇಕು ಅಂತಲೂ ನೀವೇ ಹೇಳಿ ಅಂದ ಮೇಲೆ ಕೆಲಸ ಹತ್ತು ಪಟ್ಟು ಜಾಸ್ತಿಯಾಯಿತು. ಒಬ್ಬರಿಗೆ ಮೆಟ್ಟಿಲು ಬೇಕು. ಒಬ್ಬರಿಗೆ ತಮ್ಮ ಮಂಚ. ಇನ್ನೊಬ್ಬ ಅಜ್ಜಿ ಕಿಟಕಿಗೆ ಬೆನ್ನು ಕೊಟ್ಟು ಕೂತರು. ಮಟಮಟ ಮಧ್ಯಾಹ್ನ, ಹಿಂದೆ ಕಣ್ಣು ಕುಕ್ಕುವ ಬೆಳಕು. ಹೀಗೆ ತೆಗೆದರೆ ಮುಖ ಕಪ್ಪಾಗಿ ಬರುತ್ತದೆ ಅಂತ ಒಂದು ತೆಗೆದು ತೋರಿಸಿದೆ. ಫ್ಲಾಶ್ ಹಾಕಿ ಇನ್ನೊಂದು ತೆಗೆದು ಅದನ್ನೂ ತೋರಿಸಿದೆ. ಎರಡನ್ನೂ ನೋಡಿ ಕಪ್ಪಾಗಿರುವುದೇ ಇರಲಿ ಅಂದರು.

"ಮುಖ ಕಾಣಲ್ವಲ್ಲ ಅಜ್ಜಿ?"

"ಗೊತ್ತಿರೋರಿಗೆ ಅದು ನಾನೇ ಅಂತ ಗೊತ್ತಾಗುತ್ತೆ. ಗೊತ್ತಿಲ್ಲದೋರಿಗೆ ನನ್ನ ಮುಖ ಯಾಕಮ್ಮ?"

ಭಾವಚಿತ್ರ ಯಾರಿಗೋಸ್ಕರ ಅನ್ನುವ ಬಗ್ಗೆ ನಾನು ಓದಿದ ಎಷ್ಟೋ ದೊಡ್ಡ ದೊಡ್ಡ ಮಾತುಗಳು ಇಷ್ಟು ನೇರವಾಗಿ ಇರಲಿಲ್ಲ.

ಇಲ್ಲಿ ಒಂದು ಹಳೆ ಮೊಕದ್ದಮೆಯ ವಿಷಯ ಹೇಳಬೇಕು. 1882ರಲ್ಲಿ ನೆಪೋಲಿಯನ್ ಸಾರೊನಿ ಅನ್ನುವ ನ್ಯೂಯಾರ್ಕಿನ ಛಾಯಾಗ್ರಾಹಕ ಲೇಖಕ ಆಸ್ಕರ್ ವೈಲ್ಡ್ ಅವರ ಫೋಟೋ ತೆಗೆದರು. ಒಂದು ಮುದ್ರಣದವರು ಅದನ್ನು ಕೇಳದೆ ಅಚ್ಚು ಹಾಕಿ ಮಾರಿದರು. ಕ್ಯಾಮೆರಾ ಬರೀ ಯಂತ್ರ, ಎದುರಿಗೆ ಇದ್ದದ್ದನ್ನು ಹಿಡಿಯುತ್ತದೆ ಅಷ್ಟೇ, ಅದಕ್ಕೆ ಕರ್ತೃ ಅಂತ ಯಾರೂ ಇಲ್ಲ ಅನ್ನುವುದು ಅವರ ವಾದ. 1884ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸಾರೊನಿ ಪರ ತೀರ್ಪು ಕೊಟ್ಟಿತು. ವೈಲ್ಡ್ ಅವರನ್ನು ಹೀಗೆ ಕೂರಿಸಿದ್ದು, ಉಡುಪು, ಪರದೆ, ಬೆಳಕು ನೆರಳು ಎಲ್ಲ ಹೊಂದಿಸಿದ್ದು, ಮುಖದಲ್ಲಿ ಆ ಭಾವ ತರಿಸಿದ್ದು ಸಾರೊನಿ, ಆದ್ದರಿಂದ ಚಿತ್ರ ಅವರ ಸೃಷ್ಟಿ ಅಂತ. ನಮ್ಮ ಕಸುಬಿಗೆ ಮರ್ಯಾದೆ ತಂದ ತೀರ್ಪು ಅದು. ಅದೇ ಲೆಕ್ಕ ಹಿಡಿದು ಆಶ್ರಮದ ಚಿತ್ರಗಳನ್ನು ನೋಡಿ. ಕೂತ ಭಂಗಿ ಅಜ್ಜಿಯದು. ಉಟ್ಟಿದ್ದು, ಜಾಗ, ಬೆಳಕಿನ ದಿಕ್ಕು ಅಜ್ಜಿಯ ಆಯ್ಕೆ. ಕ್ಷಣ ಅಜ್ಜಿಯದು. ಕೋರ್ಟು ಯಾವುದನ್ನೆಲ್ಲ ಸೃಷ್ಟಿ ಅಂತ ಕರೆಯಿತೋ ಅದರಲ್ಲಿ ನನ್ನ ಪಾಲಿಗೆ ಉಳಿದದ್ದು ಎಫ್ 8 ಮಾತ್ರ. ಹೆಸರು ಅಜ್ಜಿಯದೇ ಇರಬೇಕು ಅಂತ ನಾನು ಹಟ ಹಿಡಿದದ್ದು ಇದಕ್ಕೆ. ಇದರಲ್ಲಿ ನನ್ನ ದೊಡ್ಡತನ ಏನೂ ಇಲ್ಲ, ಅದು ಲೆಕ್ಕ.

ಎಲ್ಲರಿಗೂ ಬಟನ್ ಬೇಕಿರಲಿಲ್ಲ ಅನ್ನುವುದನ್ನೂ ಹೇಳಬೇಕು. ಒಬ್ಬ ತಾತ ಬುರುಡೆಯನ್ನು ಕೈಗೆ ತೆಗೆದುಕೊಂಡು, ತಿರುಗಿಸಿ ನೋಡಿ, ವಾಪಸ್ ಕೊಟ್ಟರು. "ನೀನೇ ತೆಗಿಯಮ್ಮ. ನಿನ್ನ ಕೆಲಸ ಅದು. ನನಗೆ ಸುಮ್ನೆ ಕೂರೋದಿಷ್ಟ" ಅಂದರು. ಒಂದು ಕ್ಷಣ ಅವರನ್ನು ಒಪ್ಪಿಸೋಣ ಅಂತ ಬಾಯಿಗೆ ಬಂದಿತ್ತು. ಅಧಿಕಾರ ಬೇಡ ಅಂದವರ ಕೈಗೆ ಅದನ್ನು ತುರುಕುವುದೂ ನನ್ನದೇ ನಡೆಸಿದ ಹಾಗೆ, ಅಲ್ವಾ? ಅವರ ಚಿತ್ರ ನಾನೇ ತೆಗೆದೆ. ಕೆಳಗೆ ಯಾರ ಹೆಸರು ಅಂತ ಕೇಳಿದ್ದಕ್ಕೆ, ತೆಗೆದವರ ಹೆಸರು ಹಾಕೋದು ತಾನೇ ಪದ್ಧತಿ ಅಂದರು. ಆಮೇಲೆ ನಡೆದ ಪ್ರದರ್ಶನದ ಗೋಡೆಯ ಮೇಲೆ ನನ್ನ ಹೆಸರಿದ್ದ ಚಿತ್ರ ಅದೊಂದೇ.

ಈಗ ಆಯ್ಕೆಯ ಮಾತು. ಇಡೀ ಕೆಲಸದ ಜೀವ ಇದ್ದದ್ದು ಇಲ್ಲೇ ಅಂತ ನನ್ನ ನಂಬಿಕೆ. ಕ್ಯಾಮೆರಾ ಬೇರೆಯವರ ಕೈಗೆ ಕೊಡುವ ಯೋಜನೆಗಳು ಬೇಕಾದಷ್ಟಿವೆ. 1990ರ ದಶಕದ ಮೊದಲಲ್ಲಿ ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆನ್ ಬರಿಸ್ ಚೀನಾದ ಯುನ್ನಾನ್ ಪ್ರಾಂತ್ಯದ ಹಳ್ಳಿ ಹೆಂಗಸರ ಜೊತೆ ಈ ಕೆಲಸ ಮಾಡಿದಾಗ, ಯಾವ ಚಿತ್ರ ಮುಖ್ಯ ಅಂತ ಆರಿಸುವುದು, ಅದರ ಹಿಂದಿನ ಕಥೆ ಹೇಳುವುದು, ಎರಡನ್ನೂ ಆ ಹೆಂಗಸರಿಗೇ ಬಿಟ್ಟಿದ್ದರು. ಆಮೇಲೆ ಅದೇ ಪದ್ಧತಿಯನ್ನು ಜಗತ್ತಿನ ತುಂಬ ಬಳಸಿದರು. ಆದರೆ ಎಷ್ಟೋ ಕಡೆ ಕ್ಯಾಮೆರಾ ಹಂಚುವುದು ಮಾತ್ರ ಉಳಿದು, ಆಯ್ಕೆ ಮತ್ತೆ ಸಂಘಟಕರ ಮೇಜಿಗೆ ಹೋಗುತ್ತದೆ. ಸಾವಿರ ಚಿತ್ರ ಬರುತ್ತವೆ. ಅದರಲ್ಲಿ "ಚೆನ್ನಾಗಿರುವ" ಇಪ್ಪತ್ತನ್ನು ಕಲಿತ ಕಣ್ಣಿನವರು ಆರಿಸುತ್ತಾರೆ. ಕೊನೆಗೆ ನೋಡಿದರೆ ಎಲ್ಲವೂ ಆ ಆರಿಸಿದವರು ತೆಗೆದ ಹಾಗೇ ಇರುತ್ತವೆ.

ಆರಿಸುವವರ ಕೈಯಲ್ಲಿ ಎಷ್ಟು ಶಕ್ತಿ ಇದೆ ಅನ್ನುವುದಕ್ಕೆ ವಿವಿಯನ್ ಮಾಯರ್ ಅವರ ವಿಷಯ ಸಾಕು. ಶಿಕಾಗೊದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಾ ಜೀವನಪೂರ್ತಿ ಫೋಟೋ ತೆಗೆದರು, ಹೆಚ್ಚುಕಡಿಮೆ ಯಾರಿಗೂ ತೋರಿಸಲಿಲ್ಲ. 2007ರಲ್ಲಿ ಅವರ ನೆಗೆಟಿವ್‌ಗಳು ಹರಾಜಿಗೆ ಹೋದವು, 2009ರಲ್ಲಿ ತೀರಿಕೊಂಡರು. ಎಷ್ಟೋ ರೋಲುಗಳನ್ನು ತೊಳೆದೇ ಇರಲಿಲ್ಲ. ಇವತ್ತು ನಾವು ನೋಡುವ ಮಾಯರ್ ಚಿತ್ರಗಳನ್ನು ಹಿಡಿದ ಕಣ್ಣು ಅವರದು, ನಿಜ. ಆದರೆ ಲಕ್ಷಗಟ್ಟಲೆ ಫ್ರೇಮುಗಳಲ್ಲಿ ಇದು ಬೇಕು, ಇದು ಬೇಡ ಅಂದವರು, ಪ್ರಿಂಟ್ ಹೇಗಿರಬೇಕು ಅಂತ ತೀರ್ಮಾನಿಸಿದವರು ಬೇರೆಯವರು. ಆಕೆಯನ್ನು ಯಾರೂ ಕೇಳಲಿಲ್ಲ, ಕೇಳುವ ಹಾಗೂ ಇರಲಿಲ್ಲ. ನಮ್ಮ ಅಜ್ಜಿ ತಾತಂದಿರು ಇದ್ದಾರೆ, ಕೇಳಬಹುದು. ಕೇಳದೇ ಇರೋಕೆ ಕಾರಣವೇ ಇಲ್ಲ.

ಲ್ಯಾಪ್‌ಟಾಪಿನಲ್ಲಿ ತೋರಿಸಿದರೆ ಚಿತ್ರಗಳು ಸರಸರ ಸರಿದುಹೋಗುತ್ತವೆ. ಅದೂ ಅಲ್ಲದೆ ಮೌಸ್ ನನ್ನ ಕೈಯಲ್ಲೇ ಇರುತ್ತದೆ. ಆದ್ದರಿಂದ ಎಲ್ಲ ಫ್ರೇಮುಗಳನ್ನೂ ಸಣ್ಣ ಪ್ರಿಂಟ್ ಹಾಕಿಸಿ ಊಟದ ಮೇಜಿನ ಮೇಲೆ ಹರಡಿದೆ. ಇಷ್ಟದ್ದು ಬಲಕ್ಕೆ, ಬೇಡದ್ದು ಎಡಕ್ಕೆ. ಅವರು ಕೇಳದ ಹೊರತು ಮಾತಾಡುವುದಿಲ್ಲ ಅಂತ ನನಗೆ ನಾನೇ ಕಟ್ಟು ಹಾಕಿಕೊಂಡಿದ್ದೆ. ಬರೀ ಮಾತಲ್ಲ, "ಹ್ಞೂಂ" ಅನ್ನುವುದೂ ಇಲ್ಲ. ಒಂದು ಚಿತ್ರ ಎತ್ತಿದಾಗ ನನ್ನ ಉಸಿರು ಬದಲಾದರೂ ಅವರಿಗೆ ಗೊತ್ತಾಗುತ್ತದೆ. ಮುದುಕರಿಗೆ ಮುಖ ಓದುವುದು ನಮಗಿಂತ ಚೆನ್ನಾಗಿ ಬರುತ್ತದೆ.

ಮೊದಲು ದರ್ಜಿಯಾಗಿದ್ದ ತಾತ ಒಬ್ಬರಿದ್ದರು. ಅವರ ಚಿತ್ರಗಳಲ್ಲಿ ಒಂದು ಅದ್ಭುತ. ಏನೋ ನೆನಪಾಗಿ ಜೋರಾಗಿ ನಗುತ್ತಿದ್ದಾರೆ, ಒಂದು ಕೈ ಬಾಯಿಯ ಹತ್ತಿರ ಬಂದಿದೆ, ಇನ್ನೂ ಮುಚ್ಚಿಲ್ಲ, ಕನ್ನಡಕದ ಅಂಚಿನಲ್ಲಿ ಕಿಟಕಿಯ ಬೆಳಕು. ನಗುವ ರಭಸಕ್ಕೆ ಕೈ ತಾನಾಗಿ ಬುರುಡೆ ಹಿಚುಕಿತ್ತು ಅನ್ನಿಸುತ್ತದೆ. ಅವರು ಆ ಪ್ರಿಂಟ್ ಎತ್ತಿಕೊಂಡರು, ನೋಡಿದರು, ಎಡಕ್ಕೆ ಇಟ್ಟರು. ಬಲಕ್ಕೆ ಇಟ್ಟದ್ದು ಕೊರಳಿನ ಗುಂಡಿ ಹಾಕಿಕೊಂಡು, ಎರಡೂ ಕೈ ಮಂಡಿ ಮೇಲಿಟ್ಟು, ನೇರ ಲೆನ್ಸಿನ ಕಡೆ ನೋಡುತ್ತಿರುವ ಒಂದು ಚಿತ್ರ. ಗುರುತಿನ ಚೀಟಿಗೆ ತೆಗೆಸಿದ ಹಾಗೆ.

ನನ್ನ ಇಡೀ ಮೈ ಬೇಡ ಬೇಡ ಅನ್ನುತ್ತಿತ್ತು. ಸುಮ್ಮನೆ ಕೂತೆ. ಎಲ್ಲ ಮುಗಿದ ಮೇಲೆ ಅವರೇ ಹೇಳಿದರು. "ಈ ಅಂಗಿ ನಾನೇ ಹೊಲಿದದ್ದು. ಕಾಲರ್ ನೋಡು, ಎರಡೂ ಕಡೆ ಒಂದೇ ಅಳತೆ. ನಗೋ ಫೋಟೋದಲ್ಲಿ ಕಾಲರ್ ಮಡಚಿಕೊಂಡಿದೆ." ಆ ಮೇಲೆ ಮತ್ತೊಮ್ಮೆ ಅವರು ಆರಿಸಿದ ಚಿತ್ರ ನೋಡಿದೆ. ಕಾಲರಿನ ಎರಡು ತುದಿ, ನಡುವಿನ ಗುಂಡಿ, ಅಂಚಿಗೆ ಒಂದೇ ದೂರದಲ್ಲಿ ಓಡಿದ ಹೊಲಿಗೆ. ಎಫ್ 8ರಲ್ಲಿ ಒಂದೊಂದು ಹೊಲಿಗೆಯೂ ಎಣಿಸುವ ಹಾಗಿತ್ತು. ನನ್ನ ಎಫ್ 2ರಲ್ಲಿ ಅದು ಬರುತ್ತಲೇ ಇರಲಿಲ್ಲ. ನಗುವ ಚಿತ್ರ ಕೆಟ್ಟದ್ದು ಅಂತ ಈಗಲೂ ನಾನು ಹೇಳುವುದಿಲ್ಲ. ಫೋಟೋ ಅಂತ ನೋಡಿದರೆ ಅದೇ ಮೇಲು. ಆದರೆ ಅದು ಅವರ ಚಿತ್ರ, ಅವರಿಗೆ ಬೇಡ. ಅಲ್ಲಿಗೆ ಮಾತು ಮುಗಿಯಿತು.

ಬೇಡವಾದದ್ದನ್ನು ಅವರ ಎದುರೇ ಅಳಿಸುವುದು ಅಂತ ಮೊದಲೇ ಮಾತಾಗಿತ್ತು. ಎರಡೂ ಮೆಮರಿ ಕಾರ್ಡಿನಿಂದ, ಲ್ಯಾಪ್‌ಟಾಪಿನಿಂದ. ಪ್ರಿಂಟ್ ಹರಿದು ಅವರ ಕೈಗೇ. ಅಳಿಸುವ ಕೀ ಕೂಡ ಅವರೇ ಒತ್ತಿದರು. ತಾತ ಒತ್ತಿದಾಗ ನನಗೆ ಹೊಟ್ಟೆಯಲ್ಲಿ ಕಿವುಚಿದಂತಾಯಿತು. 1930ರ ದಶಕದಲ್ಲಿ ಲ್ಯಾಂಗ್ ಕೆಲಸ ಮಾಡುತ್ತಿದ್ದ ಸರ್ಕಾರಿ ಯೋಜನೆಯ ಮುಖ್ಯಸ್ಥ ರಾಯ್ ಸ್ಟ್ರೈಕರ್ ತಮಗೆ ಹಿಡಿಸದ ನೆಗೆಟಿವ್‌ಗಳಿಗೆ ಪಂಚಿಂಗ್ ಯಂತ್ರದಿಂದ ತೂತು ಹೊಡೆಸುತ್ತಿದ್ದರು. ಆಕಾಶದಲ್ಲಿ, ಯಾರದೋ ಹೊಟ್ಟೆಯ ಮೇಲೆ, ಕಪ್ಪು ಚುಕ್ಕೆ ಬಿದ್ದ ಆ ಚಿತ್ರಗಳನ್ನು ಇಂದಿಗೂ ನೋಡಬಹುದು. ತೆಗೆದವರನ್ನೂ ಕೇಳಲಿಲ್ಲ, ಚಿತ್ರದಲ್ಲಿ ಇದ್ದವರನ್ನೂ ಕೇಳಲಿಲ್ಲ. ಚಿತ್ರ ನಾಶ ಮಾಡುವ ಹಕ್ಕು ಯಾವಾಗಲೂ ಯಾರೋ ಒಬ್ಬರ ಕೈಯಲ್ಲಿ ಇದ್ದೇ ಇರುತ್ತದೆ. ಅದು ಚಿತ್ರದಲ್ಲಿ ಇರುವವರ ಕೈಯಲ್ಲಿ ಇರುವುದಕ್ಕೆ ನನ್ನ ಅಭ್ಯಂತರ ಏನೂ ಇಲ್ಲ. ಹೊಟ್ಟೆ ಕಿವುಚಿದರೆ ಕಿವುಚಲಿ.

ತಿದ್ದುವ ವಿಷಯದಲ್ಲಿ ಇನ್ನೂ ಜಾಸ್ತಿ ಎಳೆದಾಟವಾಯಿತು. ಒಬ್ಬರು ಕೂದಲು ಕಪ್ಪು ಮಾಡಿಕೊಡು ಅಂದರು. ಒಬ್ಬರು ಗಾಲಿಕುರ್ಚಿ ಕಾಣದ ಹಾಗೆ ಕ್ರಾಪ್ ಮಾಡು ಅಂದರೆ, ಅವರ ಪಕ್ಕದ ಕೋಣೆಯವರು ಗಾಲಿಕುರ್ಚಿ ಪೂರ್ತಿ ಬರಲಿ, ಅದಿಲ್ಲದೆ ನಾನಿಲ್ಲ ಅಂದರು. ನಾನು ಸುದ್ದಿ ಚಿತ್ರಗಳನ್ನೂ ತೆಗೆದವಳು. ಅಲ್ಲಿ ಒಂದು ಕೂದಲೆಳೆಯ ಬಣ್ಣ ಬದಲಾಯಿಸುವುದೂ ತಪ್ಪು. ಆ ವಿಷಯದಲ್ಲಿ ನಾನು ಇವತ್ತಿಗೂ ಬಗ್ಗುವುದಿಲ್ಲ. ಆದರೆ ಇದು ಸುದ್ದಿಯಲ್ಲ. ತನ್ನನ್ನು ತಾನು ಹೀಗೆ ತೋರಿಸಿಕೊಳ್ಳಬೇಕು ಅಂತ ಒಬ್ಬರು ಮಾಡಿದ ಚಿತ್ರ. ಲ್ಯಾಂಗ್ ಅವರೇ ಆ ತಾಯಿಯ ಚಿತ್ರದ ಮೂಲೆಯಲ್ಲಿ ಡೇರೆ ಕಂಬ ಹಿಡಿದಿದ್ದ ಹೆಬ್ಬೆರಳು ಕಣ್ಣಿಗೆ ಹೊಡೆಯುತ್ತದೆ ಅಂತ ಆಮೇಲೆ ನೆಗೆಟಿವ್ ತಿದ್ದಿಸಿದ್ದರು. ತಿದ್ದುವ ಹಕ್ಕು ಚಿತ್ರ ಮಾಡಿದವರಿಗೆ ಇದೆ ಅಂದರೆ, ಇಲ್ಲಿ ಮಾಡಿದವರು ಯಾರು? ಕೂದಲು ಕಪ್ಪು ಮಾಡಿದೆ. ಪಕ್ಕದಲ್ಲೇ ಕೂತು ಎಷ್ಟು ಕಪ್ಪು ಅಂತ ಹೇಳುತ್ತಿದ್ದರು. ಕಿವಿ ಹತ್ತಿರ ಸ್ವಲ್ಪ ಬಿಳಿ ಬಿಡು, ಪೂರ್ತಿ ಕಪ್ಪು ಮಾಡಿದ್ರೆ ಸುಳ್ಳು ಅನ್ಸುತ್ತೆ ಅಂದರು.

ಹಕ್ಕಿನ ವಿಷಯ ಬಾಯಿಮಾತಿನಲ್ಲಿ ಬಿಡುವ ಹಾಗಿರಲಿಲ್ಲ. ಒಂದು ಪುಟದ ಒಪ್ಪಂದ ಬರೆದೆ, ಸರಳ ಮಾತಿನಲ್ಲಿ, ದಪ್ಪ ಅಕ್ಷರದಲ್ಲಿ. ಚಿತ್ರದ ಹಕ್ಕು ಅವರದು. ಈ ಪ್ರದರ್ಶನಕ್ಕೆ ಮಾತ್ರ ನನಗೆ ಅನುಮತಿ. ಬೇರೆ ಎಲ್ಲಿ ತೋರಿಸಬೇಕಾದರೂ ಮತ್ತೆ ಕೇಳಬೇಕು. ಯಾವಾಗ ಬೇಕಾದರೂ ಬೇಡ ಅನ್ನಬಹುದು. ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಹಾಕಿ, ಎಲ್ಲರಿಗೂ ಮುಕ್ತವಾಗಿರಲಿ ಅಂತ ಗೆಳೆಯರೊಬ್ಬರು ಸಲಹೆ ಕೊಟ್ಟರು. 2002ರಲ್ಲಿ ಶುರುವಾದ ಆ ಲೈಸೆನ್ಸುಗಳ ಬಗ್ಗೆ ನನಗೆ ಗೌರವ ಇದೆ, ನನ್ನ ಕೆಲವು ಚಿತ್ರಗಳಿಗೆ ಬಳಸಿದ್ದೇನೆ ಕೂಡ. ಆದರೆ ಒಮ್ಮೆ ಕೊಟ್ಟ ಆ ಅನುಮತಿಯನ್ನು ವಾಪಸ್ ಪಡೆಯಲು ಬರುವುದಿಲ್ಲ. ನಾನು ನನ್ನದನ್ನು ಹಾಗೆ ಬಿಟ್ಟುಕೊಡಬಹುದು. ಅವರದನ್ನು ಬಿಟ್ಟುಕೊಡಲು ನಾನು ಯಾರು?

ಇದನ್ನೆಲ್ಲ ಓದಿ ಛಾಯಾಗ್ರಾಹಕರು ಹಕ್ಕು ಬಿಟ್ಟುಕೊಡಬೇಕು ಅಂತ ನಾನು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಚಿತ್ರ ತೆಗೆದವರಿಗೇ ಅದರ ಹಕ್ಕು ಉಳಿಯಲಿ ಅಂತ ರಾಬರ್ಟ್ ಕಾಪಾ, ಆನ್ರಿ ಕಾರ್ತಿಯೆ ಬ್ರೆಸ್ಸೊನ್ ಮತ್ತು ಅವರ ಜೊತೆಗಾರರು 1947ರಲ್ಲಿ ಮ್ಯಾಗ್ನಮ್ ಅನ್ನುವ ಛಾಯಾಗ್ರಾಹಕರದೇ ಸಂಸ್ಥೆ ಕಟ್ಟಿದರು. ಆ ಹೋರಾಟದ ಫಲವನ್ನು ನಾವೆಲ್ಲ ಉಣ್ಣುತ್ತಿದ್ದೇವೆ. ಕೇಳದೆ ನನ್ನ ಚಿತ್ರ ಬಳಸಿದವರಿಗೆ, ಹೆಸರು ಹಾಕದೆ ಅಚ್ಚು ಮಾಡಿದವರಿಗೆ ನಾನು ಈಗಲೂ ನೋಟಿಸ್ ಕಳಿಸುತ್ತೇನೆ. ಕಸಿದುಕೊಳ್ಳುವುದು ಬೇರೆ, ಕೊಡುವುದು ಬೇರೆ.

ಪ್ರದರ್ಶನ ಏರ್ಪಡಿಸಿದವರಿಗೆ ಇದನ್ನು ತಿಳಿಸಿ ಹೇಳುವುದೇ ಒಂದು ಕೆಲಸವಾಯಿತು. ಪೋಸ್ಟರಿನಲ್ಲಿ ನನ್ನ ಹೆಸರು ದೊಡ್ಡದಾಗಿ ಬೇಕು ಅಂದರು. ಜನ ಬರುವುದು ಗೊತ್ತಿರುವ ಹೆಸರು ನೋಡಿ ಅನ್ನುವುದು ಅವರ ವಾದ, ಅದು ಸುಳ್ಳೂ ಅಲ್ಲ. ಕೊನೆಗೆ ಎಲ್ಲರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿ, ಅವರೇ ಹೇಳಿದ ಸಾಲಿನಲ್ಲಿ ಬಂದವು. ನನ್ನ ಹೆಸರು ಬುರುಡೆ ವಾಪಸ್ ಕೊಟ್ಟ ತಾತನ ಚಿತ್ರದ ಕೆಳಗೆ ಒಂದು ಸಲ, ಕೊನೆಯಲ್ಲಿ "ಸಹಾಯ" ಅನ್ನುವ ಕಡೆ ಒಂದು ಸಲ. ಗೋಡೆ ಮೇಲೆ ಯಾವ ಚಿತ್ರದ ಪಕ್ಕ ಯಾವುದು ಅಂತ ತೀರ್ಮಾನಿಸಿದ್ದೂ ಅವರೇ. ನಾನಾಗಿದ್ದರೆ ಬೆಳಕು, ಬಣ್ಣ ನೋಡಿ ಜೋಡಿಸುತ್ತಿದ್ದೆ. ಅವರು ಯಾರ ಪಕ್ಕ ಯಾರು ಕೂರುತ್ತಾರೆ ಅನ್ನುವ ಲೆಕ್ಕದಲ್ಲಿ ಜೋಡಿಸಿದರು. ಮಾತು ಬಿಟ್ಟ ಇಬ್ಬರ ಚಿತ್ರ ಎದುರುಬದುರು ಗೋಡೆಗೆ ಹೋದವು.

ನೋಡಲು ಬಂದ ಸಹೋದ್ಯೋಗಿಯೊಬ್ಬರು ಕಪ್ಪು ಮುಖದ ಅಜ್ಜಿಯ ಚಿತ್ರದ ಮುಂದೆ ನಿಂತು, ಇದರಲ್ಲಿ ನಿನ್ನ ಕೆಲಸ ಏನಿದೆ ಅಂತ ಕೇಳಿದರು. ಬುರುಡೆ ಹುಡುಕಿದ್ದು, ದೂರ ಅಳೆದದ್ದು, ಎರಡು ರೀತಿ ತೆಗೆದು ತೋರಿಸಿದ್ದು, ಆ ಕಪ್ಪಿನೊಳಗೆ ಸೆರಗಿನ ಅಂಚು ಉಳಿಯುವ ಹಾಗೆ ಪ್ರಿಂಟ್ ಮಾಡಿದ್ದು, ಬಾಯಿ ಮುಚ್ಚಿಕೊಂಡು ಕೂತದ್ದು ಅಂದೆ. ಅವರು ಒಪ್ಪಲಿಲ್ಲ. ಇದು ಫೋಟೋಗ್ರಫಿ ಅಲ್ಲ, ಸಮಾಜಸೇವೆ ಅಂದರು. ನನಗೆ ಆ ಮಾತು ನೋವು ಕೊಟ್ಟಿತು. ಸೇವೆ ಅಂತ ಕರೆದರೆ ಆ ಚಿತ್ರಗಳನ್ನು ಚಿತ್ರಗಳಾಗಿ ನೋಡುವುದೇ ತಪ್ಪಿಹೋಗುತ್ತದೆ. ಕಣ್ಣು ಮುಚ್ಚಿದ ಆ ಮುಖವನ್ನು, ಕಾಲರಿನ ಆ ಹೊಲಿಗೆಯನ್ನು ಯಾರ ಹೆಸರಿನ ಹಂಗೂ ಇಲ್ಲದೆ ನೋಡಿ ಅಂತ ಅವರಿಗೆ ಹೇಳಿದೆ.

ಆಮೇಲೆ ಬೇರೆ ಕಡೆ ತೋರಿಸಲು ಕರೆ ಬಂದಾಗ ಒಪ್ಪಂದದ ಪ್ರಕಾರ ಮತ್ತೆ ಒಬ್ಬೊಬ್ಬರನ್ನೇ ಕೇಳಿದೆ. ಕಣ್ಣು ಮುಚ್ಚಿದ ಅಜ್ಜಿ ಬೇಡ ಅಂದರು. ಕಾರಣ ಕೇಳಲಿಲ್ಲ, ಅವರೂ ಹೇಳಲಿಲ್ಲ. ಆ ಚಿತ್ರ ಹೋಗಲಿಲ್ಲ. ಏರ್ಪಡಿಸಿದವರು ಅದಕ್ಕೋಸ್ಕರವೇ ಕರೆದಿದ್ದರು, ಬೇಸರ ಮಾಡಿಕೊಂಡರು.

ಈಗ ಎರಡನೇ ಸುತ್ತು ನಡೆಯುತ್ತಿದೆ. ಈ ಸಲ ನನ್ನ ಕೈಯಲ್ಲಿ ಉಳಿದಿದ್ದ ಎಫ್ 8 ಕೂಡ ಹೋಯಿತು. ದರ್ಜಿ ತಾತ ಅಪರ್ಚರ್, ಶಟರ್ ಎರಡರ ಲೆಕ್ಕ ಕಲಿತುಬಿಟ್ಟರು. "ಇದು ನಮ್ಮ ಮಿಷನ್ನಿನ ಟೆನ್ಷನ್ ತಿರುಪಿನ ಹಾಗೇನೇ. ಮೇಲೆ ಬಿಗಿ ಮಾಡಿದ್ರೆ ಕೆಳಗೆ ಸರಿ ಮಾಡ್ಬೇಕು" ಅಂತ ಉಳಿದವರಿಗೆ ಹೇಳಿಕೊಡುತ್ತಾರೆ. ಅವರಿಗೆ ಪಕ್ಕದಿಂದ ಬರುವ ಬೆಳಕೇ ಆಗಬೇಕು, ಬಟ್ಟೆಯ ನೇಯ್ಗೆ ಅದರಲ್ಲಿ ಚೆನ್ನಾಗಿ ಕಾಣುತ್ತದೆ ಅಂತ. ಕಿಟಕಿಗೆ ಬೆನ್ನು ಕೊಟ್ಟು ಕೂರುವ ಅಜ್ಜಿಗೆ ಅದು ಸುತರಾಂ ಒಪ್ಪಿಗೆಯಿಲ್ಲ. ಲೈಟ್ ಸ್ಟ್ಯಾಂಡ್ ಎಲ್ಲಿಡಬೇಕು ಅಂತ ಇಬ್ಬರೂ ಜಗಳಕ್ಕೆ ನಿಂತಿದ್ದಾರೆ. ಹೋದ ಸಲ ನಾನು ಹೋದಾಗ ಅಜ್ಜಿ, "ನೀನೇ ಹೇಳಮ್ಮ, ಯಾರದು ಸರಿ?" ಅಂದರು. ಇಬ್ಬರ ಥರಾನೂ ಒಂದೊಂದು ತೆಗೆದು ಮೇಜಿನ ಮೇಲಿಡಿ ಅಂದೆ. ತಾತ ತಮ್ಮದನ್ನು ತೆಗೆದಾಗಿದೆ. ಅಜ್ಜಿ ಬಿಸಿಲು ಏರುವ ತನಕ ಕಾಯುತ್ತೇನೆ ಅನ್ನುತ್ತಿದ್ದಾರೆ.